ಲಾಭದ ಅಂಕಿ ನಂಬಿ ಕೆಟ್ಟೆನೇ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ಬಿಜೈಯಲ್ಲಿ ಮನೆ. 2015ರಲ್ಲಿ ಕಾಫಿ ಡೇ ಐಪಿಒ ಬಂದಾಗ ನಮ್ಮ ಘಟ್ಟದ ಮೇಲಿನವರ ಕಂಪನಿ ಎಂಬ ಅಭಿಮಾನದಿಂದ ಪಿಎಫ್ ಹಣದ ಒಂದು ಪಾಲನ್ನು ಹಾಕಿದೆ. ಆ ಷೇರುಗಳು ಇನ್ನೂ ಡಿಮ್ಯಾಟ್‌ನಲ್ಲೇ ಇವೆ. ಎಷ್ಟು ಹೋಯಿತೆಂದು ಹೆಂಡತಿಗೆ ಪೂರ್ತಿ ಹೇಳಿಲ್ಲ. ಈಗ ಬೆಂಗಳೂರಿನಲ್ಲಿರುವ ಮಗ ಬೇರೊಂದು ಕಂಪನಿ ತೋರಿಸಿ, ‘ಅಪ್ಪಾ, ಪ್ರತಿ ಕ್ವಾರ್ಟರ್ ಲಾಭ ಏರ್ತಾನೇ ಇದೆ, ತಗೊಳ್ಳಿ’ ಅನ್ನುತ್ತಿದ್ದಾನೆ. ಜೀವಮಾನವಿಡೀ ಬ್ಯಾಲೆನ್ಸ್ ಶೀಟ್ ನೋಡಿದ ನನಗೇ ಆಗ ಗೊತ್ತಾಗಲಿಲ್ಲ. ಇನ್ನು ಯಾರ ಲೆಕ್ಕವನ್ನು ನಂಬುವುದು ಮಾರಾಯ್ರೆ?
– ಹೆಸರು ಬೇಡ, ಮಂಗಳೂರು

ಉತ್ತರ: ಮೊದಲು ಆ ನಾಚಿಕೆಯನ್ನು ಇಳಿಸಿಬಿಡಿ ಸರ್. 2019ರ ಜುಲೈ 29ರ ಸಂಜೆ ಉಳ್ಳಾಲದ ನೇತ್ರಾವತಿ ಸೇತುವೆಯ ಬಳಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಕಾಣೆಯಾದರು. ಎರಡು ದಿನದ ಮೇಲೆ ಅವರ ಮೃತದೇಹ ಸಿಕ್ಕಿತು. ಆ ನೋವು ನಮ್ಮ ಊರಿಗೆಲ್ಲ ತಟ್ಟಿದೆ. ಅವರ ಹೆಸರಿನಲ್ಲಿ ಸಿಕ್ಕ ಪತ್ರದಲ್ಲಿ, ಷೇರು ಮರಳಿ ಕೊಳ್ಳುವಂತೆ ಹೂಡಿಕೆ ಸಂಸ್ಥೆಯೊಂದು ಒತ್ತಡ ಹೇರುತ್ತಿದೆ, ಸಾಲ ಕೊಟ್ಟವರ ಕಾಟ ತಡೆಯಲಾಗುತ್ತಿಲ್ಲ ಎಂದಿತ್ತು. ತನ್ನ ವ್ಯವಹಾರ ಆಡಿಟರ್‌ಗಳಿಗೂ ಹಿರಿಯ ಅಧಿಕಾರಿಗಳಿಗೂ ತಿಳಿಯದು ಎಂದೂ ಇತ್ತು. ಒಳಗಿದ್ದವರಿಗೇ ತಿಳಿಯದು ಎನ್ನುವಾಗ 328 ರೂಪಾಯಿ ಕೊಟ್ಟು ಷೇರು ಕೊಂಡ ನಿಮಗೆ ಹೇಗೆ ತಿಳಿಯಬೇಕಿತ್ತು?

ಆಮೇಲೆ ಹೊರಬಂದ ಲೆಕ್ಕವನ್ನು ಮಾತ್ರ ನೀವು ಕೂತು ನೋಡಲೇಬೇಕು. ಕಾಫಿ ಡೇಯ ಅಂಗಸಂಸ್ಥೆಗಳಿಗೆ ಸಿದ್ಧಾರ್ಥ ಕುಟುಂಬದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಬರಬೇಕಿದ್ದ ಬಾಕಿ, 2019ರ ಮಾರ್ಚ್ 31ರ ಆಡಿಟ್ ಆದ ಲೆಕ್ಕದ ಪ್ರಕಾರ, 842 ಕೋಟಿ ರೂಪಾಯಿ. ಜುಲೈ 31ಕ್ಕೆ ಅದೇ ಬಾಕಿ 3,535 ಕೋಟಿ! ನಾಲ್ಕೇ ತಿಂಗಳು. 2023ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ, ಏಳು ಅಂಗಸಂಸ್ಥೆಗಳಿಂದ ಈ ಹಣ ಬೇರೆಡೆಗೆ ಹೋಗಿದೆ ಎಂದು ಹೇಳಿ ಕಂಪನಿಗೆ 26 ಕೋಟಿ ದಂಡ ಹಾಕಿತು.

ಬ್ಯಾಂಕಿನಲ್ಲಿದ್ದ ನಿಮಗೆ ಮಾರ್ಚ್ 31ರ ಮಹಿಮೆಯನ್ನು ನಾನು ಹೇಳಬೇಕಿಲ್ಲ. ಟಾರ್ಗೆಟ್ ಮುಟ್ಟಿಸಲು ಆ ಸಂಜೆ ಪರಿಚಯದ ವ್ಯಾಪಾರಿಗೆ ಫೋನು ಹೋಗುತ್ತದೆ. ‘ಒಂದು ವಾರ ಡಿಪಾಸಿಟ್ ಇಡಿ, ಆಮೇಲೆ ತೆಗೆಯಿರಿ’. ಬ್ರಾಂಚಿನ ಅಂಕಿ ಆ ಒಂದು ದಿನಕ್ಕೆ ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಮೂರು ತಿಂಗಳಿಗೊಮ್ಮೆ ಮಾರುಕಟ್ಟೆಯ ನಿರೀಕ್ಷೆ ಮುಟ್ಟಲೇಬೇಕೆಂಬ ಕಂಪನಿಗಳಲ್ಲೂ ನಡೆಯುವುದು ಇದೇ. ಡೀಲರುಗಳ ಗೋಡೌನಿಗೆ ಕೊನೇ ವಾರ ಸರಕು ತಳ್ಳಿ ಮಾರಾಟ ಎಂದು ಬರೆಯುತ್ತಾರೆ, ಈ ವರ್ಷದ ಖರ್ಚನ್ನು ಮುಂದಿನ ವರ್ಷಕ್ಕೆ ದೂಡುತ್ತಾರೆ. ಒಮ್ಮೆ ಹೀಗೆ ಮಾಡಿದರೆ ಮುಂದಿನ ಕ್ವಾರ್ಟರ್ ಇನ್ನಷ್ಟು ಮಾಡಬೇಕಾಗುತ್ತದೆ.

ಐಟಿ ಕಂಪನಿ ಸತ್ಯಂನ ಕಥೆ ಇದಕ್ಕೆ ಸಾಕ್ಷಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದುಕೊಟ್ಟ ತಪ್ಪೊಪ್ಪಿಗೆಯ ಪ್ರಕಾರ, 2008ರ ಸೆಪ್ಟೆಂಬರ್ ಕ್ವಾರ್ಟರ್‌ನಲ್ಲಿ ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಅಂತರ ಶುರುವಿನಲ್ಲಿ ಸಣ್ಣದಿತ್ತಂತೆ. ಲಾಭ ಕಡಿಮೆ ತೋರಿಸಿದರೆ ಕಂಪನಿ ಬೇರೆಯವರ ಕೈಸೇರಿ ಗುಟ್ಟು ರಟ್ಟಾಗುವ ಭಯದಲ್ಲಿ ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅಮೆರಿಕದ ಹೂಡಿಕೆದಾರರಿಗೆ ಸತ್ಯಂ 12.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ನಮ್ಮವರಿಗೆ ಅಂಥದ್ದೇನೂ ಸಿಗಲಿಲ್ಲ. ಈ ಅನ್ಯಾಯ ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಮಗ ತೋರಿಸಿದ ಕಂಪನಿಯ ಲಾಭದ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬಿಎಸ್‌ಇ ಜಾಲತಾಣದಲ್ಲಿ ಐದು ವರ್ಷದ ವಾರ್ಷಿಕ ವರದಿಗಳು ಪುಕ್ಕಟೆ ಸಿಗುತ್ತವೆ. ಅಪ್ಪ-ಮಗ ಒಟ್ಟಿಗೆ ಕೂತು ನಗದು ಹರಿವಿನ ಪಟ್ಟಿ ತೆರೆಯಿರಿ. ಲಾಭ ಏರುತ್ತಿದ್ದು, ವ್ಯವಹಾರದಿಂದ ಬರುವ ನಗದು ಏರದೆ, ಗಿರಾಕಿಗಳ ಬಾಕಿ ಮಾತ್ರ ಉಬ್ಬುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಬಳಿಕ ಸಂಬಂಧಿತ ಪಕ್ಷಗಳ ವ್ಯವಹಾರದ ಟಿಪ್ಪಣಿ: ಪ್ರವರ್ತಕರ ಮನೆಯ ಕಂಪನಿಗೆ ಮುಂಗಡವೋ ಸಾಲವೋ ಹೋಗುತ್ತಿದೆಯೇ? ಕಾಫಿ ಡೇ ಕಥೆ ಇದ್ದದ್ದು ಆ ಜಾಗದಲ್ಲಿ. ಪ್ರವರ್ತಕರು ಷೇರು ಅಡವಿಟ್ಟಿದ್ದಾರೆಯೇ, ಆಡಿಟರ್ ಅವಧಿಯ ನಡುವೆ ರಾಜೀನಾಮೆ ಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಸಾಲ ಕೇಳಿ ಬಂದ ಗಿರಾಕಿಯ ಕಡತವನ್ನು ಹೇಗೆ ನೋಡುತ್ತಿದ್ದಿರೋ ಹಾಗೆ ನೋಡಿ. ಷೇರು ಕೊಳ್ಳುವಾಗ ನೀವು ಆ ಕಣ್ಣನ್ನು ಬಳಸದೆ ಅಭಿಮಾನಕ್ಕೆ ಓಗೊಟ್ಟಿರಿ, ಅಷ್ಟೇ.

ಇಷ್ಟು ಮಾಡಿದರೂ ಖಾತ್ರಿ ಇಲ್ಲ. ಸತ್ಯಂ ಲೆಕ್ಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲೇ 5,040 ಕೋಟಿ ಇರಲೇ ಇಲ್ಲ. ಅದಕ್ಕಾಗಿಯೇ ನಿವೃತ್ತಿಯ ಹಣದಲ್ಲಿ ಯಾವುದೇ ಒಂದು ಕಂಪನಿಗೆ, ಪೂರ್ತಿ ಮುಳುಗಿದರೂ ಮನೆ ಖರ್ಚು ಅಲುಗಾಡದಷ್ಟು ಮಾತ್ರ ಹಾಕಿ.

ಹಳೇ ಷೇರಿನ ಮಾತು: ಇವತ್ತು ಕೈಯಲ್ಲಿ ಹಣವಿದ್ದರೆ ಇವತ್ತಿನ ಬೆಲೆಗೆ ಅದನ್ನೇ ಕೊಳ್ಳುತ್ತೀರಾ? ಇಲ್ಲವೆಂದಾದರೆ ಮಾರಿ. ಗಡುವಿನೊಳಗೆ ಐಟಿ ರಿಟರ್ನ್ ಸಲ್ಲಿಸಿದರೆ ಆ ದೀರ್ಘಾವಧಿ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ದು, ದೀರ್ಘಾವಧಿ ಲಾಭದಲ್ಲಿ ಕಳೆಯಬಹುದು.

ಇನ್ನು ಮನೆಯವರಿಗೆ ಹೇಳದೆ ಇಟ್ಟುಕೊಂಡದ್ದು. ಮಾರಿದ ನಂತರ ಹೇಳುತ್ತೇನೆ ಎಂದುಕೊಳ್ಳಬೇಡಿ. ಪಿಎಫ್ ಹಣ ಅವರ ಮುಪ್ಪಿನದೂ ಹೌದು. ಈ ಭಾನುವಾರವೇ ಡಿಮ್ಯಾಟ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಅವರ ಹತ್ತಿರ ಪೂರ್ತಿ ಮಾತಾಡಿ.