ಗೂಗಲ್‌ನಲ್ಲಿ ಮೇಲೆ ತರುವವರ ಲೆಕ್ಕ

ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಗಳ ವ್ಯಾಪಾರಿಗಳು ‘ಗೂಗಲ್‌ದಾಗ ಮ್ಯಾಲ ಬರೂದು’ ಎಂದು ಕರೆಯುವ ಕೆಲಸಕ್ಕೆ ಆ ವೃತ್ತಿಯವರು ಇಟ್ಟಿರುವ ಹೆಸರು ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಸಂಕ್ಷೇಪದಲ್ಲಿ ಎಸ್‌ಇಒ. ಜಾಹೀರಾತಿಗೆ ಹಣ ತೆರದೆಯೇ ಜಾಲತಾಣವೊಂದು ಹುಡುಕುವವರ ಕಣ್ಣಿಗೆ ಮೊದಲು ಬೀಳುವಂತೆ ಅದರ ಬರಹ, ರಚನೆ ಮತ್ತು ವೇಗವನ್ನು ತಿದ್ದುವುದು, ಬೇರೆ ತಾಣಗಳಿಂದ ಅದರತ್ತ ಕೊಂಡಿಗಳು ಬರುವಂತೆ ಮಾಡುವುದು ಇದರ ತಿರುಳು. ಹಂಚು ಕೊಳ್ಳುವವನು ಬೆರಳ ಗೆಣ್ಣಿನಿಂದ ತಟ್ಟಿ, ಅದು ಕೊಡುವ ನಾದದಿಂದಲೇ ಸುಟ್ಟ ಹದವನ್ನು ತಿಳಿಯಬಲ್ಲನಾದರೂ, ಎಸ್‌ಇಒ ಏಜೆನ್ಸಿ ತಿಂಗಳ ಕೊನೆಯಲ್ಲಿ ಕಳುಹಿಸುವ ಬಣ್ಣಬಣ್ಣದ ವರದಿಯನ್ನು ಹಾಗೆ ತಟ್ಟಿ ನೋಡಲು ಬರುವುದಿಲ್ಲ. ಆದ್ದರಿಂದ ಪರೀಕ್ಷೆಯೆಲ್ಲ ಮುಂಗಡ ಕೊಡುವ ಮೊದಲೇ ಮುಗಿಯಬೇಕು. ಆ ಪರೀಕ್ಷೆಯಲ್ಲಿ ಏಜೆನ್ಸಿ ಏನನ್ನು ತಂದುಕೊಡುವೆನೆನ್ನುತ್ತದೆ ಎಂಬುದಕ್ಕಿಂತ ಏನನ್ನು ಕೇಳುತ್ತದೆ, ಯಾವುದನ್ನು ಯಾರ ಹೆಸರಿನಲ್ಲಿ ಇಡುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ.

ಈ ಅಂಕಣದ ಲೇಖಕನ ಮನೆಯವರು ಖಾನಾಪುರದ ಮಣ್ಣಿನ ಹೂಜಿ, ಪಾತ್ರೆ, ಹೂಕುಂಡಗಳನ್ನು ಟಿಳಕವಾಡಿಯ ಸಣ್ಣ ಮಳಿಗೆಯೊಂದರಲ್ಲಿ ಮಾರುತ್ತಿದ್ದ ಕಾಲದಲ್ಲಿ, ಹೆಸರು ಹೇಳಬೇಕಾಗಿಲ್ಲದ ಒಂದು ಏಜೆನ್ಸಿಗೆ ತಿಂಗಳಿಗೆ 12,000 ರೂಪಾಯಿಯಂತೆ ಎಂಟು ತಿಂಗಳು ತೆತ್ತರು. ಶೇ 18ರ ಜಿಎಸ್‌ಟಿಯ 2,160 ರೂಪಾಯಿ ಸೇರಿ ತಿಂಗಳ ಬಿಲ್ಲು 14,160ಕ್ಕೆ ಏರಿ, ಎಂಟು ತಿಂಗಳಿಗೆ 1,13,280 ರೂಪಾಯಿ ಕೈಬಿಟ್ಟಿತು. ದೊಡ್ಡ ವ್ಯಾಪಾರಿಗೆ ಈ ತೆರಿಗೆ ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗಿ, ಮರಳಬಹುದು. ನೋಂದಣಿಯೇ ಇಲ್ಲದವರಿಗೆ ಅಥವಾ ವಹಿವಾಟಿನ ಮೇಲೆ ಸಣ್ಣ ಪಾಲನ್ನು ಕಟ್ಟಿ ಮುಗಿಸುವ ಕಾಂಪೊಸಿಷನ್ ಪದ್ಧತಿಯವರಿಗೆ ಅದು ಪೂರ್ತಿ ಖರ್ಚೇ. ಹೂಜಿಯೊಂದರಲ್ಲಿ ಉಳಿಯುತ್ತಿದ್ದುದು ಸುಮಾರು 60 ರೂಪಾಯಿಯಾದ್ದರಿಂದ, ಏಜೆನ್ಸಿಯ ಬಿಲ್ಲು ಹುಟ್ಟಬೇಕಾದರೆ ತಿಂಗಳಿಗೆ 236 ಹೂಜಿಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕಿತ್ತು. ಅಷ್ಟು ಹೂಜಿಗಳನ್ನು ಆ ಮಳಿಗೆಯಲ್ಲಿ ಇಡಲು ಜಾಗವೇ ಇರಲಿಲ್ಲ ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ತಪ್ಪಿನ ಅರ್ಧ ಪಾಲು ಈ ಗುಣಾಕಾರವನ್ನು ಸಹಿ ಹಾಕುವ ಮೊದಲು ಮಾಡದಿದ್ದವರದ್ದೇ.

ಉಳಿದರ್ಧ ವರದಿಗಳಲ್ಲಿತ್ತು. ಏಜೆನ್ಸಿ ಕೆಲಸ ಆರಂಭಿಸಿದ್ದು ಫೆಬ್ರುವರಿಯಲ್ಲಿ. ಮಾರ್ಚ್‌ನಿಂದ ಮೇ ತನಕ ಗೆರೆ ಮೇಲೇರಿತು, ಅದರ ಕೆಳಗೆ ಅಭಿನಂದನೆಯ ಸಾಲುಗಳೂ ಇದ್ದವು. ಬಿಸಿಲು ಏರಿದಂತೆ ಹೂಜಿಯನ್ನು ಹುಡುಕುವವರು ಹೆಚ್ಚುವುದು ಪ್ರತಿ ವರ್ಷದ ಸಂಗತಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆ ಹಿಡಿದರೆ ಹಸಿ ಮಣ್ಣು ಒಣಗದು, ಗಿರಾಕಿಯೂ ಬಾರ. ಜುಲೈ ವರದಿಯಲ್ಲಿ ಗೆರೆ ಇಳಿದಾಗ ಕೊಟ್ಟ ಕಾರಣ ‘ಗೂಗಲ್ ಅಪ್‌ಡೇಟ್’ ಎಂಬುದಾಗಿತ್ತು. ಏರಿದ್ದು ಏಜೆನ್ಸಿಯ ಕೈಚಳಕ, ಇಳಿದದ್ದು ಗೂಗಲ್‌ನ ಕೈವಾಡ! ಈ ಬಗೆಯ ವರದಿಯನ್ನು ಒರೆಗೆ ಹಚ್ಚುವ ಸಾಧನ ಗೂಗಲ್ ಪುಕ್ಕಟೆಯಾಗಿ ಕೊಡುವ ಸರ್ಚ್ ಕನ್ಸೋಲ್. ಯಾವ ಪದವನ್ನು ಹುಡುಕಿದಾಗ ತಾಣ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿ ಒಳಬಂದರು ಎಂಬುದನ್ನು 16 ತಿಂಗಳ ಮಟ್ಟಿಗೆ ಇದು ತೋರಿಸುವುದರಿಂದ, ಈ ವರ್ಷದ ಮೇ ತಿಂಗಳನ್ನು ಹಿಂದಿನ ಮೇ ತಿಂಗಳ ಪಕ್ಕಕ್ಕಿಟ್ಟು ನೋಡಬಹುದು. ಲೇಖಕನ ಮನೆಯವರು ತಡವಾಗಿ ಹಾಗೆ ನೋಡಿದಾಗ, ಏಜೆನ್ಸಿ ‘ಮೊದಲ ಸ್ಥಾನ’ ಎಂದು ಹಸಿರು ಬಣ್ಣದಲ್ಲಿ ತೋರಿಸಿದ್ದ ಏಳು ಪದಗಳ ಉದ್ದದ ನುಡಿಗಟ್ಟೊಂದು ಇಡೀ ತಿಂಗಳಲ್ಲಿ ಕಾಣಿಸಿದ್ದು 11 ಸಲ, ಒತ್ತಿದವರು ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಮನೆಯವರೇ ಇರಬಹುದೆಂಬ ಗುಮಾನಿ ಇಂದಿಗೂ ಉಳಿದಿದೆ. ಯಾರೂ ಹುಡುಕದ ಮಾತಿಗೆ ಮೊದಲ ಸ್ಥಾನ ಗಳಿಸುವುದಕ್ಕೆ ಹೆಚ್ಚಿನ ವಿದ್ಯೆ ಬೇಡ.

ಜನ ಏನೆಂದು ಹುಡುಕುತ್ತಾರೆ ಎಂಬ ಪ್ರಶ್ನೆ ಗಡಿನಾಡಿನಲ್ಲಿ ಬೇರೆಡೆಗಿಂತ ತೊಡಕಿನದು, ಏಜೆನ್ಸಿಯ ಯೋಗ್ಯತೆಯನ್ನು ಅಳೆಯಲು ಅಷ್ಟೇ ಅನುಕೂಲದ್ದು. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾದರೂ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಹುಡುಕುವವರು ಉಂಟು, ಹೊಸದರಲ್ಲಿ ಹುಡುಕುವವರೂ ಉಂಟು; ಕನ್ನಡ ಲಿಪಿಯಲ್ಲಿ ಬೆಳಗಾವಿ ಎಂದು ಬರೆಯುವವರ ಪಕ್ಕದ ಮನೆಯಲ್ಲೇ ದೇವನಾಗರಿಯಲ್ಲಿ ಬೆಳಗಾಂವ ಎಂದು ಬರೆಯುವವರಿದ್ದಾರೆ. ಖಾನಾಪುರದ ಕಥೆ ಇನ್ನೂ ಸೂಕ್ಷ್ಮ: ಬೆಳಗಾವಿ ಜಿಲ್ಲೆಯ ಖಾನಾಪುರವಲ್ಲದೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಒಂದು ಖಾನಾಪುರ ತಾಲ್ಲೂಕಿದೆ, ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಇನ್ನೊಂದು ಖಾನಾಪುರವಿದೆ. ಮೇಲೆ ಹೇಳಿದ ಏಜೆನ್ಸಿ ವ್ಯಾಪಾರ ಡೈರೆಕ್ಟರಿ ತಾಣಗಳಲ್ಲಿ ವಿಳಾಸ ನಮೂದಿಸುವಾಗ ಕುಂಬಾರರ ಭಟ್ಟಿಯನ್ನು ಸಾಂಗಲಿಗೆ ಸಾಗಿಸಿಬಿಟ್ಟಿತ್ತು. ಆ ಜಿಲ್ಲೆಯ ಪಟ್ಟಣವಾದ ‘ವಿಟಾದಿಂದ ಎಷ್ಟು ದೂರ’ ಎಂದು ಗಿರಾಕಿಯೊಬ್ಬರು ಫೋನ್ ಮಾಡಿ ಕೇಳಿದಾಗಲೇ ಇದು ಗೊತ್ತಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆಯಿರುವ ಊರನ್ನು ನಕಾಶೆಯಲ್ಲಿ ಗುರುತಿಸಲಾರದವರು ಆ ಊರಿನ ಮಣ್ಣನ್ನು ಮಾರಿಕೊಡುವುದಾದರೂ ಹೇಗೆ? ಆದ್ದರಿಂದ ಮೊದಲ ಭೇಟಿಯಲ್ಲೇ ‘ನಮ್ಮ ಗಿರಾಕಿಗಳು ಯಾವ ಯಾವ ಹೆಸರಿನಿಂದ, ಯಾವ ಲಿಪಿಯಲ್ಲಿ ಹುಡುಕುತ್ತಾರೆ’ ಎಂದು ಕೇಳಿ ಸುಮ್ಮನಿರುವುದು ಲಾಭದಾಯಕ. ಉತ್ತರ ತಿಳಿದವರು ಮರುಪ್ರಶ್ನೆಗಳನ್ನು ಹಾಕುತ್ತಾರೆ. ತಿಳಿಯದವರು ಪ್ಯಾಕೇಜಿನ ದರಪಟ್ಟಿಯನ್ನು ಮುಂದಿಡುತ್ತಾರೆ.

ಖಾತರಿ ಕೊಡುವವರ ವಿಷಯದಲ್ಲಿ ಗೂಗಲ್‌ನ ಮಾತೇ ಸಾಕು. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರೆಂದೂ, ಕೇಳದೆಯೇ ಇಮೇಲ್ ಕಳುಹಿಸುವ ಎಸ್‌ಇಒ ಸಂಸ್ಥೆಗಳ ಬಗ್ಗೆ ಎಚ್ಚರವಿರಲೆಂದೂ ಆ ಕಂಪನಿಯ ಮಾರ್ಗದರ್ಶಿ ಹೇಳುತ್ತದೆ. ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆಂದು 2017ರಲ್ಲಿ ಅದು ಹೊರತಂದ ವಿಡಿಯೊ ತಿಳಿಸಿತ್ತು. ‘ಗೂಗಲ್ ಪಾರ್ಟ್‌ನರ್’ ಎಂಬ ಬಿಲ್ಲೆಯನ್ನು ಕೆಲವರು ಗೋಡೆಗೆ ತೂಗುಹಾಕುತ್ತಾರಾದರೂ, ಅದು ಹಣ ಕೊಟ್ಟು ಹಾಕಿಸುವ ಜಾಹೀರಾತುಗಳ ನಿರ್ವಹಣೆಗೆ ಸಂಬಂಧಿಸಿದ್ದು, ಎಸ್‌ಇಒಗಲ್ಲ. ಇನ್ನು ಕೊಂಡಿಗಳು, ಅಂದರೆ ಬ್ಯಾಕ್‌ಲಿಂಕ್‌ಗಳು: ಬೇರೊಂದು ತಾಣ ತನ್ನ ಓದುಗರನ್ನು ನಮ್ಮತ್ತ ಕಳುಹಿಸುವುದನ್ನು ಗೂಗಲ್ ಸಾಕ್ಷಿಯಂತೆ ಪರಿಗಣಿಸುತ್ತದೆ, ಹಾಗಾಗಿ ಬಾಡಿಗೆ ಸಾಕ್ಷಿಗಳನ್ನು ಒದಗಿಸುವ ಪೇಟೆಯೇ ಬೆಳೆದಿದೆ. ಅಮೆರಿಕದ ಜೆಸಿ ಪೆನ್ನಿ ಎಂಬ ದೊಡ್ಡ ಅಂಗಡಿ ಸರಪಣಿಯ ಪರವಾಗಿ ಇಂಥ ಕೊಂಡಿಗಳು ಸಾವಿರಾರು ಕಡೆ ಹರಡಿದ್ದುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದಾಗ, ಗೂಗಲ್ ಆ ತಾಣವನ್ನು ಮೇಲಿನ ಸ್ಥಾನಗಳಿಂದ ಬಹಳ ಕೆಳಕ್ಕೆ ತಳ್ಳಿತು. ತನಗೇನೂ ಗೊತ್ತಿರಲಿಲ್ಲವೆಂದ ಕಂಪನಿ ತನ್ನ ಏಜೆನ್ಸಿಯನ್ನು ಕೈಬಿಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ ಗೂಗಲ್ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಕೊಂಡಿಗಳ ಮೋಸವನ್ನೇ ಗುರಿಯಾಗಿಸಿಕೊಂಡಿತ್ತು. ದಂಡ ಬೀಳುವುದು ತಾಣದ ಮೇಲೆ, ಏಜೆನ್ಸಿಯ ಮೇಲಲ್ಲ. ಆದಕಾರಣ ಹಿಂದಿನ ಗಿರಾಕಿಗಳಿಗೆ ಕಟ್ಟಿಕೊಟ್ಟ ಹತ್ತು ಕೊಂಡಿಗಳನ್ನು ತೋರಿಸುವಂತೆ ಕೇಳಿ, ಒಂದೊಂದನ್ನೂ ತೆರೆದು ಓದುವ ಅರ್ಧ ಗಂಟೆ ವ್ಯರ್ಥವಲ್ಲ. ಕುಂಡದ ಅಂಗಡಿಯ ಕೊಂಡಿ ಜೂಜಿನ ಬರಹದ ನಡುವೆ ಇಣುಕುತ್ತಿದ್ದರೆ ಮುಂದಿನ ಮಾತುಕತೆ ಬೇಡ.

ಎಲ್ಲಕ್ಕಿಂತ ಹೆಚ್ಚು ದುಬಾರಿಯಾಗಿ ಪರಿಣಮಿಸಿದ್ದು ಕೀಲಿಕೈಗಳ ವಿಷಯ. ಜಾಲತಾಣದ ವಿಳಾಸವನ್ನು, ಅಂದರೆ ಡೊಮೇನನ್ನು, ಏಜೆನ್ಸಿ ‘ನಾವೇ ನೋಡಿಕೊಳ್ತೀವಿ’ ಎಂದು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡಿತ್ತು. ಗೂಗಲ್ ನಕಾಶೆಯಲ್ಲಿ ಅಂಗಡಿಯ ಫೋನ್, ವೇಳೆ, ಚಿತ್ರಗಳನ್ನು ತೋರಿಸುವ ಬಿಸಿನೆಸ್ ಪ್ರೊಫೈಲ್‌ನ ಮುಖ್ಯ ಒಡೆತನವೂ ಅದರದ್ದೇ ಆಗಿತ್ತು. ಒಪ್ಪಂದ ಮುಗಿಸುವ ಮಾತೆತ್ತಿದಾಗ ಇವನ್ನು ಬಿಟ್ಟುಕೊಡಲು ‘ವರ್ಗಾವಣೆ ಶುಲ್ಕ’ ಕೇಳಲಾಯಿತು. ಬಾಡಿಗೆ ಮಳಿಗೆಯ ಮಾಲೀಕ ಬೀಗ ಹಾಕುವುದನ್ನು ಕಂಡವರಿಗೂ, ತಮ್ಮದೇ ಬೋರ್ಡಿಗೆ ಬೇರೊಬ್ಬರು ಬಾಡಿಗೆ ಕೇಳುವುದು ಹೊಸ ಅನುಭವ. ಡೊಮೇನ್ ವ್ಯಾಪಾರಿಯ ಹೆಸರು, ವ್ಯಾಪಾರಿಯ ಇಮೇಲ್ ಮತ್ತು ವ್ಯಾಪಾರಿಯ ಫೋನಿನಲ್ಲೇ ಇರಬೇಕು. ಅದೊಂದಿದ್ದರೆ ಸರ್ಚ್ ಕನ್ಸೋಲ್‌ನ ಒಡೆತನವನ್ನು ಮತ್ತೆ ರುಜುವಾತುಪಡಿಸಿ ಪಡೆಯಬಹುದು. ಬಿಸಿನೆಸ್ ಪ್ರೊಫೈಲ್‌ನಲ್ಲಿ ಏಜೆನ್ಸಿಗೆ ಮ್ಯಾನೇಜರ್ ಎಂಬ ಕೆಳಹಂತದ ಅಧಿಕಾರ ಕೊಟ್ಟರೆ ಕೆಲಸಕ್ಕೆ ಧಾರಾಳ ಸಾಕು. ಈ ಬೇಡಿಕೆಗೆ ಮುಖ ಸಿಂಡರಿಸುವ ಏಜೆನ್ಸಿಯೊಂದಿಗೆ ದರದ ಚೌಕಾಸಿಗೂ ಇಳಿಯುವ ಅಗತ್ಯವಿಲ್ಲ.

ಕಾಗದಪತ್ರದ ತಪಾಸಣೆ ಇವುಗಳಿಗೆ ಹೋಲಿಸಿದರೆ ಸುಲಭ. ಬಿಲ್ಲಿನ ಮೇಲಿನ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕೆ ರಾಜ್ಯದ ಗುರುತಾಗಿದ್ದು, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30 ಇರುವುದರಿಂದ, ‘ಬೆಳಗಾವಿಯಲ್ಲೇ ಆಫೀಸಿದೆ’ ಎಂಬ ಮಾತನ್ನು ರಾಜ್ಯದ ಮಟ್ಟಿಗಾದರೂ ಒಂದು ನೋಟದಲ್ಲಿ ತಾಳೆ ಹಾಕಬಹುದು. ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಜಿಎಸ್‌ಟಿ ಜಾಲತಾಣ ಯಾರಿಗಾದರೂ ಪುಕ್ಕಟೆ ತಿಳಿಸುತ್ತದೆ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವಾದಾರರಿಗೆ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲದ ಕಾರಣ, ಸಂಖ್ಯೆ ಇಲ್ಲದಿರುವುದೇ ಅಪರಾಧವಲ್ಲ; ಸಂಖ್ಯೆ ಇಲ್ಲದೆ ತೆರಿಗೆ ವಸೂಲಿ ಮಾಡುವುದು ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಗ್ರಾಹಕ ಆಯೋಗವನ್ನು ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ವರ್ಷದ ಹಣವನ್ನು ಒಮ್ಮೆಲೇ ಕೊಡದೆ, ಒಂದು ತಿಂಗಳ ನೋಟಿಸಿನಲ್ಲಿ ಮುಗಿಸಬಹುದಾದ ಕರಾರನ್ನೇ ಬರೆಯಿಸಿಕೊಳ್ಳುವುದು ಉತ್ತಮ.

ಏಜೆನ್ಸಿಯಿಂದ ಬಿಡಿಸಿಕೊಂಡ ಮೇಲೆ ಲೇಖಕನ ಮನೆಯವರು ಕಂಡದ್ದು, ಹಿಂದವಾಡಿಯಲ್ಲಿ ಒಬ್ಬನೇ ಕುಳಿತು ಇದೇ ಕೆಲಸ ಮಾಡುವ ಒಬ್ಬ ಯುವಕನನ್ನು. ತಾಣವನ್ನು ಪರೀಕ್ಷಿಸಿ ದೋಷಗಳ ಪಟ್ಟಿ ಕೊಡಲು ಆತ ಒಂದೇ ಸಲಕ್ಕೆ 5,000 ರೂಪಾಯಿ ಕೇಳಿದ. ಪಟ್ಟಿಯಲ್ಲಿ ಮೊದಲಿಗೆ ಸಾಂಗಲಿಯ ವಿಳಾಸವಿತ್ತು, ಕೊನೆಯಲ್ಲಿ ಮಾಸಿಕ ಎಸ್‌ಇಒ ಸದ್ಯಕ್ಕೆ ಬೇಡವೆಂಬ ಸಲಹೆಯಿತ್ತು. ಅದಕ್ಕೂ ಮುನ್ನ, ಕಂಪ್ಯೂಟರನ್ನು ತೆರೆಯುವ ಮೊದಲೇ, ಆತ ಕೇಳಿದ್ದು ಇಷ್ಟು: “ಗೂಗಲ್ ಆಮ್ಯಾಲ ನೋಡೂಣ್ರಿ, ಮಳಿಗಾಲದಾಗ ಗಿರಾಕಿ ಬಂದ್ರ ಕೊಡಾಕ ಒಣಗಿದ ಮಾಲ್ ಎಷ್ಟ್ ಇರ್ತೈತ್ರಿ?”