ಮಾರಾಟಕ್ಕಿಟ್ಟ ಚಿತ್ರ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮ, ಅರಿಸಿನ ಮತ್ತು ಬಣ್ಣದ ಪುಡಿಗಳನ್ನು ಗೋಪುರದಂತೆ ಒಟ್ಟಿರುತ್ತಾರೆ. ಅವುಗಳ ಛಾಯಾಚಿತ್ರ ತೆಗೆಯದೆ ಮರಳುವ ಪ್ರವಾಸಿಗರು ವಿರಳ. ಇಂತಹ ಚಿತ್ರಗಳನ್ನು ಅಂತರಜಾಲದ ಚಿತ್ರಭಂಡಾರಗಳಿಗೆ ಒಪ್ಪಿಸಿ ಹಣ ಗಳಿಸುವವರು ಈಗ ಅನೇಕರಿದ್ದಾರೆ. ಅಮೆರಿಕದಲ್ಲಿ 2003ರಲ್ಲಿ ಆರಂಭವಾದ ಷಟರ್‌ಸ್ಟಾಕ್ ಅಂತಹ ಒಂದು ಭಂಡಾರ. ಪತ್ರಿಕೆಯವರೂ ಜಾಹೀರಾತುಗಾರರೂ ಶುಲ್ಕ ತೆತ್ತು ಅಲ್ಲಿಂದ ಚಿತ್ರ ಪಡೆಯುತ್ತಾರೆ. ತೆಗೆದವನಿಗೆ ಅದರಲ್ಲೊಂದು ಪಾಲು ಸಲ್ಲುತ್ತದೆ.

ಚಿತ್ರದಲ್ಲಿ ಕನಿಷ್ಠ 40 ಲಕ್ಷ ಬಿಂದುಗಳಿರಬೇಕು. ಮಸುಕಾಗಿದ್ದರೆ ತಿರಸ್ಕಾರ ನಿಶ್ಚಯ. ಹುಡುಕುವವರಿಗೆ ನೆರವಾಗುವ ಸೂಚಕ ಪದಗಳನ್ನೂ ಬರೆಯಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ನಮ್ಮ ನಗರ ‘ಮೈಸೂರು’ ಆಯಿತು. ಆದರೂ ‘ಮೈಸೋರ್’ ಎಂದೇ ಹುಡುಕುವ ಪರದೇಶಿಗರಿರುವುದರಿಂದ ಎರಡನ್ನೂ ಬರೆಯುವುದು ಜಾಣತನ.

ಇನ್ನು, ಆ ರಾಶಿಗಳ ಹಿಂದೆ ಕುಳಿತ ವ್ಯಾಪಾರಿ ಹೆಂಗಸಿನ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವನದು. ಅವನ ಜೀವಿತಕಾಲದಲ್ಲಿಯೂ ಅವನು ತೀರಿಕೊಂಡ ಮೇಲೆ 60 ವರ್ಷಗಳವರೆಗೂ ಅದು ಉಳಿಯುತ್ತದೆ. ಆದರೆ ಆಕೆಯ ಮುಖ ಯಾರದು? ಗುರುತು ಸಿಗುವ ಮುಖವನ್ನು ಜಾಹೀರಾತಿಗೆ ಬಳಸಬೇಕಾದರೆ ಆಕೆ ಸಹಿ ಮಾಡಿದ ಒಪ್ಪಿಗೆಪತ್ರವನ್ನು ಭಂಡಾರದವರು ಕೇಳುತ್ತಾರೆ. ಪತ್ರವಿಲ್ಲದಿದ್ದರೆ ಆ ಚಿತ್ರ ವಾರ್ತೆ, ಲೇಖನಗಳಿಗಷ್ಟೇ ಸಲ್ಲೀತು. ಇದು ಬೇಸರದ ಕೆಲಸವೆಂದು ಗೊಣಗುವ ಛಾಯಾಗ್ರಾಹಕರುಂಟು. ನನಗಂತೂ ಇದು ನ್ಯಾಯವೆಂದೇ ತೋರುತ್ತದೆ. ಇಲ್ಲವಾದರೆ, ತಾನು ಎಂದೂ ಕಾಣದ ಔಷಧವೊಂದರ ಜಾಹೀರಾತಿನಲ್ಲಿ ಆಕೆ ರೋಗಿಯಾಗಿ ನಿಂತುಬಿಡಬಹುದು! ಪತ್ರ ಇಂಗ್ಲಿಷಿನಲ್ಲಿದ್ದರೆ, ಸಹಿಗೆ ಮೊದಲು ಅದರಲ್ಲಿರುವುದನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳಬೇಕು.