ಹಾಲು ಕರೆಯುವ ಯಂತ್ರದ ಆರೈಕೆ: ಎಂಟು ತಪ್ಪು ತಿಳುವಳಿಕೆಗಳು



ಮೂರು ನಾಲ್ಕು ಹಸು ಇರುವ ಮನೆಗಳಿಗೂ ಈಗ ಹಾಲು ಕರೆಯುವ ಯಂತ್ರ ಬಂದಿದೆ. ಬೆಳಗ್ಗೆ ಸಂಜೆ ಕುಕ್ಕರುಗಾಲಲ್ಲಿ ಕೂತು ಕರೆದು ಬೆರಳು, ಮಣಿಕಟ್ಟು, ಸೊಂಟ ನೋಯಿಸಿಕೊಂಡವರಿಗೆ ಇದೊಂದು ದೊಡ್ಡ ಆಸರೆ. ಆದರೆ ಯಂತ್ರವನ್ನು ಹೇಗೆ ಜೋಡಿಸಬೇಕು ಎಂದು ತೋರಿಸಿಕೊಟ್ಟಷ್ಟು ನಿಧಾನವಾಗಿ, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅಕ್ಕಪಕ್ಕದವರು ಹೇಳಿದ್ದನ್ನೇ ನಂಬಿ ನಡೆಸುತ್ತೇವೆ. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಬೇರೆ ಯಂತ್ರ ಕೆಟ್ಟರೆ ಯಂತ್ರವಷ್ಟೇ ನಿಲ್ಲುತ್ತದೆ. ಇದು ಕೆಟ್ಟರೆ ಹಸುವಿನ ಕೆಚ್ಚಲು ಕೆಡುತ್ತದೆ. ಬಾವು ಬಂದು ಒಂದು ಮೊಲೆ ಬತ್ತಿಹೋದರೆ ಆ ಹಸುವಿನ ಹಾಲಿನಲ್ಲಿ ದೊಡ್ಡ ಪಾಲು ಹೋದಂತೆ, ಮುಂದಿನ ಸೂಲಿನಲ್ಲೂ ಅದು ಸರಿಹೋಗುವ ಭರವಸೆಯಿಲ್ಲ. ಆದ್ದರಿಂದ ನಾನು ಹಳ್ಳಿಗಳಲ್ಲಿ ಹೆಚ್ಚಾಗಿ ಕೇಳುವ ಎಂಟು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಯಂತ್ರ ಕೆಲಸ ಮಾಡುವ ಬಗೆ

ಪಂಪು ಗಾಳಿಯನ್ನು ಎಳೆದು ಕ್ಯಾನಿನೊಳಗೆ ವ್ಯಾಕ್ಯೂಮ್ ಉಂಟುಮಾಡುತ್ತದೆ. ಸ್ಟೀಲ್ ಕಪ್ಪಿನ ಒಳಗೆ ಲೈನರ್ ಎಂಬ ರಬ್ಬರ್ ಕೊಳವೆ ಇರುತ್ತದೆ. ಮೊಲೆ ಈ ಲೈನರಿನೊಳಗೆ ಕೂರುತ್ತದೆ. ಕಪ್ಪಿಗೂ ಲೈನರಿಗೂ ನಡುವಿನ ಜಾಗಕ್ಕೆ ಪಲ್ಸೇಟರ್ ಒಮ್ಮೆ ವ್ಯಾಕ್ಯೂಮ್, ಒಮ್ಮೆ ಗಾಳಿ ಬಿಡುತ್ತದೆ. ವ್ಯಾಕ್ಯೂಮ್ ಇದ್ದಾಗ ಲೈನರ್ ತೆರೆದು ಹಾಲು ಇಳಿಯುತ್ತದೆ. ಗಾಳಿ ಬಂದಾಗ ಲೈನರ್ ಮುಚ್ಚಿಕೊಂಡು ಮೊಲೆಯನ್ನು ಮೆಲ್ಲಗೆ ಅಮುಕುತ್ತದೆ. ನಿಮಿಷಕ್ಕೆ ಸುಮಾರು 60 ಬಾರಿ ಹೀಗಾಗುತ್ತದೆ. ಈ ಅಮುಕುವಿಕೆ ಹಾಲು ಹಿಂಡುವುದಕ್ಕಲ್ಲ. ಎಳೆತಕ್ಕೆ ಮೊಲೆಯ ತುದಿಗೆ ಬಂದು ನಿಂತ ರಕ್ತ ಹಿಂದಕ್ಕೆ ಹರಿದು, ಮೊಲೆಗೆ ಬಿಡುವು ಸಿಗಲಿ ಎಂದು. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

1. "ಯಂತ್ರ ಹಾಕಿದರೆ ಕೆಚ್ಚಲು ಬಾವು ಬಂದೇ ಬರುತ್ತೆ"

ಸುಸ್ಥಿತಿಯಲ್ಲಿರುವ ಯಂತ್ರದಿಂದ ಬಾವು ಬರುವುದಿಲ್ಲ. ಗಟ್ಟಿಯಾದ ಲೈನರ್, ಏರುಪೇರಾಗುವ ವ್ಯಾಕ್ಯೂಮ್, ಕೊಳೆ ಉಳಿದ ಕೊಳವೆ, ಇವುಗಳಿಂದ ಬರುತ್ತದೆ. "ಕೈ ತಾಗುವುದಿಲ್ಲ, ಹಾಗಾಗಿ ಬಾವೇ ಬರುವುದಿಲ್ಲ" ಎಂಬುದೂ ಅಷ್ಟೇ ತಪ್ಪು. ಒಂದೇ ಲೈನರ್ ಮನೆಯ ಎಲ್ಲ ಹಸುಗಳಿಗೂ ಹೋಗುತ್ತದೆ. ಬಾವು ಇರುವ ಹಸುವನ್ನು ಮೊದಲು ಕರೆದರೆ ರೋಗಾಣುವನ್ನು ನಾವೇ ಉಳಿದವಕ್ಕೆ ಹಂಚಿದಂತೆ. ಯಂತ್ರ ಹಚ್ಚುವ ಮುನ್ನ ಪ್ರತಿ ಮೊಲೆಯಿಂದ ಎರಡು ಮೂರು ಧಾರೆ ಕಪ್ಪು ಬಟ್ಟಲಿಗೆ ಕೈಯಲ್ಲಿ ಕರೆದು ಗರಣೆ, ನೀರು, ರಕ್ತ ಇದೆಯೇ ನೋಡಿ. ಇದ್ದರೆ ಆ ಹಸುವನ್ನು ಕೊನೆಗೆ, ಕೈಯಲ್ಲೇ ಕರೆಯಿರಿ. ಆ ಹಾಲನ್ನು ಡೇರಿಗೆ ಹಾಕಬೇಡಿ.

2. "ಲೈನರ್ ಹರಿದಾಗ ಬದಲಾಯಿಸಿದರೆ ಸಾಕು"

ಅತಿ ಹೆಚ್ಚು ನಷ್ಟ ಮಾಡುವ ಮಾತು ಇದು. ರಬ್ಬರ್ ಹರಿಯುವುದಕ್ಕೆ ಬಹಳ ಮೊದಲೇ ಬಿಗಿ ಕಳೆದುಕೊಳ್ಳುತ್ತದೆ. ಒಳಮೈಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದು, ಬ್ರಷ್ ತಲುಪದ ಆ ಜಾಗದಲ್ಲಿ ಹಾಲಿನ ಜಿಡ್ಡು, ರೋಗಾಣು ಸೇರಿಕೊಳ್ಳುತ್ತವೆ.

ಸಾಮಾನ್ಯ ರಬ್ಬರ್ ಲೈನರಿನ ಆಯುಷ್ಯ 2,500 ಕರೆತ ಅಥವಾ 6 ತಿಂಗಳು, ಯಾವುದು ಮೊದಲು ಬರುತ್ತದೋ ಅದು. ಲೆಕ್ಕ ಹೀಗೆ: ಒಂದು ಹಸುವನ್ನು ಒಮ್ಮೆ ಕರೆದರೆ ಒಂದು ಕರೆತ. ಒಂದೇ ಯಂತ್ರದಲ್ಲಿ 10 ಹಸುವನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20 ಕರೆತ, 125 ದಿನಕ್ಕೆ ಆಯುಷ್ಯ ಮುಗಿಯಿತು. ಏಳು ಹಸು ಇದ್ದರೆ ಸುಮಾರು 6 ತಿಂಗಳು. "ನಮ್ಮದು ಎರಡೇ ಹಸು, ಎರಡು ವರ್ಷ ಬರುತ್ತೆ" ಎನ್ನುವಂತಿಲ್ಲ. ಬಳಸದಿದ್ದರೂ ಹಾಲಿನ ಕೊಬ್ಬು, ಸೋಪು, ಬಿಸಿಲು ತಾಗಿ ರಬ್ಬರಿಗೆ ವಯಸ್ಸಾಗುತ್ತದೆ. ಸಿಲಿಕಾನ್ ಲೈನರ್ ಹೆಚ್ಚು ಕಾಲ ಬರುತ್ತದೆ. ಅದರ ಅವಧಿಗೆ ಯಂತ್ರದ ಪುಸ್ತಕ ನೋಡಿ.

ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಹೊಸದೊಂದು ಹಳೆಯದು ಮೂರು ಸೇರಿದರೆ ಅಮುಕುವಿಕೆ ಒಂದೊಂದು ಮೊಲೆಗೆ ಒಂದೊಂದು ಥರ ಆಗುತ್ತದೆ. ಕೂರಿಸುವಾಗ ಲೈನರ್ ತಿರುಚಿಕೊಳ್ಳದಂತೆ ಗುರುತು ನೋಡಿ ಹಾಕಿ. ಹಾಕಿದ ತಾರೀಖನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

3. "ಕುದಿಯುವ ನೀರು ಹಾಕಿದರೆ ಎಲ್ಲ ಶುದ್ಧ"

ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಪ್ರೋಟೀನ್ ಬೆಂದು ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಹಾಲು ಕಾಸಿದ ಪಾತ್ರೆಯ ತಳ ನಿಮಗೇ ಗೊತ್ತಲ್ಲ, ಹಾಗೆ. ಸರಿಯಾದ ಕ್ರಮ ಇದು:

ಕರೆದು ಮುಗಿದ ಕೂಡಲೇ, ಹಾಲು ಒಣಗುವ ಮುನ್ನ, ಒಂದು ಬಕೆಟ್ ಉಗುರುಬೆಚ್ಚಗಿನ ನೀರನ್ನು (35 ರಿಂದ 40 ಡಿಗ್ರಿ) ಯಂತ್ರದಿಂದಲೇ ಎಳೆಸಿ. ನಂತರ ಯಂತ್ರ ತೊಳೆಯಲೆಂದೇ ಇರುವ ಕ್ಷಾರದ ಪುಡಿಯನ್ನು 60 ರಿಂದ 70 ಡಿಗ್ರಿಯ ಬಿಸಿನೀರಿಗೆ ಹಾಕಿ ಎಳೆಸಿ, ಲೈನರ್, ಕ್ಲಾ, ಹಾಲಿನ ಕೊಳವೆ, ಕ್ಯಾನಿನ ಮುಚ್ಚಳದ ವಾಷರ್ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿ. ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು ಬಾಯಿ ಕೆಳಗಾಗುವಂತೆ ನೆರಳಿನಲ್ಲಿ ನೇತುಹಾಕಿ.

ಬಟ್ಟೆ ಒಗೆಯುವ ಪುಡಿ ಬೇಡ. ಅದರ ನೊರೆ ಪಂಪಿನ ಕಡೆಗೆ ಎಳೆದುಹೋಗುತ್ತದೆ, ವಾಸನೆ ಹಾಲಿಗೆ ಬರುತ್ತದೆ. ಬೋರ್‌ವೆಲ್ ನೀರು ಗಡುಸಾಗಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಕೊಳವೆಯೊಳಗೆ ಬಿಳಿ ಹಳದಿ ಪದರ ಕಟ್ಟುತ್ತದೆ. ಇದು ಕ್ಷಾರದ ಪುಡಿಗೆ ಹೋಗುವುದಿಲ್ಲ. ವಾರಕ್ಕೊಮ್ಮೆ, ಯಂತ್ರಕ್ಕೆಂದೇ ಸಿಗುವ ಆಮ್ಲದ ದ್ರಾವಣದಿಂದ ತೊಳೆಯಬೇಕು. ಶೌಚಾಲಯ ತೊಳೆಯುವ ಆಸಿಡ್ ಬಳಸಲೇಬಾರದು. ಆಮ್ಲವನ್ನು ಕ್ಷಾರದ ಪುಡಿ ಅಥವಾ ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಬೆರೆತಿದ್ದರೆ ವಿಷಗಾಳಿ ಏಳುತ್ತದೆ.

ಚೆನ್ನಾಗಿ ತೊಳೆಯದ ಯಂತ್ರದ ಹಾಲು ಬೇಗ ಹುಳಿಯುತ್ತದೆ. ಸಂಘದಲ್ಲಿ ಹಾಲು ತಿರಸ್ಕಾರವಾದರೆ ಆ ಹೊತ್ತಿನ ದರವೂ ಇಲ್ಲ, ಸರ್ಕಾರದ ಪ್ರೋತ್ಸಾಹಧನವೂ ಇಲ್ಲ.

4. "ವ್ಯಾಕ್ಯೂಮ್ ಏರಿಸಿದರೆ ಬೇಗ ಮುಗಿಯುತ್ತೆ"

ಗೇಜಿನ ಮುಳ್ಳು ಸಾಮಾನ್ಯವಾಗಿ 40 ರಿಂದ 50 ಕಿಲೋಪಾಸ್ಕಲ್ ನಡುವೆ ಇರಬೇಕು. ಪಾದರಸದ ಲೆಕ್ಕದಲ್ಲಿ ಸುಮಾರು 300 ರಿಂದ 375 ಮಿಲಿಮೀಟರ್. ನಿಮ್ಮ ಯಂತ್ರಕ್ಕೆ ನಿಖರ ಅಂಕಿ ಅದರ ಪುಸ್ತಕದಲ್ಲಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಪ್ಪು ಮೊಲೆಯ ಬುಡಕ್ಕೆ ಏರಿ ಹಾಲಿನ ದಾರಿಯನ್ನೇ ಮುಚ್ಚುತ್ತದೆ, ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ಮೊಲೆಯ ತುದಿ ಒರಟಾಗಿ ಉಂಗುರದಂತೆ ದಡ್ಡುಗಟ್ಟುತ್ತದೆ. ಕಡಿಮೆಯಾದರೆ ಕಪ್ಪು ಜಾರಿ "ಸುಯ್" ಎಂದು ಗಾಳಿ ನುಗ್ಗುತ್ತದೆ. ಆ ಗಾಳಿಯ ರಭಸಕ್ಕೆ ಹಾಲಿನ ಹನಿಗಳು ರೋಗಾಣು ಸಮೇತ ಉಳಿದ ಮೊಲೆಗಳ ತುದಿಗೆ ಬಡಿಯುತ್ತವೆ.

ಮುಳ್ಳು ಮೊದಲಿನ ಅಂಕಿಗೆ ಬರುತ್ತಿಲ್ಲ ಎಂದರೆ ರೆಗ್ಯುಲೇಟರನ್ನು ತಿರುಗಿಸಿ ಏರಿಸಬೇಡಿ. ಮುಚ್ಚಳದ ವಾಷರ್, ಕೊಳವೆಯ ಸೀಳು, ಸಡಿಲ ಬೆಲ್ಟ್, ಧೂಳು ಹಿಡಿದ ರೆಗ್ಯುಲೇಟರ್ ಜಾಲರಿ ನೋಡಿ. ಬೇಗ ಮುಗಿಯಬೇಕೆಂದರೆ ದಾರಿ ಬೇರೆ ಇದೆ. ಮೊಲೆ ತೊಳೆದು, ಒರೆಸಿ, ಮೊದಲ ಧಾರೆ ತೆಗೆದ ಮೇಲೆ ಹಸು ಸೊರೆ ಬಿಡಲು ಒಂದರಿಂದ ಒಂದೂವರೆ ನಿಮಿಷ ಬೇಕು. ಆಗ ಕಪ್ಪು ಹಚ್ಚಿ. ಹಾಲು ನಿಂತ ಕೂಡಲೇ ವ್ಯಾಕ್ಯೂಮ್ ಬಂದ್ ಮಾಡಿ, ಆಮೇಲೆ ಕಪ್ಪು ತೆಗೆಯಿರಿ. ಎಳೆದು ಕೀಳಬೇಡಿ.

5. "ಮೊಲೆಗೆ ಎಣ್ಣೆ ಸವರಿದರೆ ಕಪ್ಪು ಸಲೀಸಾಗಿ ಕೂರುತ್ತೆ"

ಕೈಯಲ್ಲಿ ಕರೆಯುವಾಗಿನ ಅಭ್ಯಾಸ ಇದು. ಕೊಬ್ಬರಿ ಎಣ್ಣೆ, ಬೆಣ್ಣೆ, ಹರಳೆಣ್ಣೆ ಯಾವುದಾದರೂ ರಬ್ಬರಿಗೆ ವೈರಿ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಕಪ್ಪು ಜಾರುತ್ತದೆ. ಮೊಲೆ ಒದ್ದೆಯಿದ್ದರೂ ಜಾರುತ್ತದೆ. ಯಂತ್ರಕ್ಕೆ ಶುಭ್ರವಾದ, ಒಣಗಿದ ಮೊಲೆಯೇ ಸರಿ. ಪ್ರತಿ ಹಸುವಿಗೆ ಬೇರೆ ಬಟ್ಟೆ ಬಳಸಿ. ಮೊಲೆ ಬಿರುಕು ಬಿಟ್ಟಿದ್ದರೆ, ಕರೆದ ನಂತರ ಅಯೋಡಿನ್ ದ್ರಾವಣದಲ್ಲಿ ಅದ್ದಿದ ಮೇಲೆ, ವೈದ್ಯರು ಹೇಳಿದ ಮುಲಾಮು ಹಚ್ಚಿ.

6. "ಪಲ್ಸೇಟರ್ ಟಿಕ್ ಟಿಕ್ ಅನ್ನುತ್ತಿದೆ, ಹಾಗಾಗಿ ಸರಿ ಇದೆ"

ಶಬ್ದ ಬಂದರೂ ಲೈನರ್ ಅಮುಕದೇ ಇರಬಹುದು. ನಾನು ನೋಡಿದ ಒಂದು ಮನೆಯಲ್ಲಿ ಮೂರು ಹಸುಗಳಿಗೂ ಹಿಂದಿನ ಎರಡು ಮೊಲೆಗಳಿಗೇ ಪದೇ ಪದೇ ಬಾವು ಬರುತ್ತಿತ್ತು. ಔಷಧಿ ಕೊಟ್ಟರೆ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮೂರೂ ಹಸುಗಳಿಗೆ ಅದೇ ಜಾಗದಲ್ಲಿ ಬಂದದ್ದರಿಂದ ಯಂತ್ರವನ್ನು ನೋಡಿದೆವು. ಪಲ್ಸೇಟರಿನ ಒಂದು ಬದಿಯ ಸಣ್ಣ ಗಾಳಿಕಂಡಿಗೆ ಬೂಸಾ ಧೂಳು ಕಟ್ಟಿತ್ತು. ಹಿಂದಿನ ಎರಡು ಕಪ್ಪುಗಳು ಎಳೆಯುತ್ತಿದ್ದವು, ಅಮುಕುತ್ತಿರಲಿಲ್ಲ. ಆ ಮೊಲೆಗಳಿಗೆ ಬಿಡುವೇ ಇರಲಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಮೂರು ಕಪ್ಪುಗಳ ಬಾಯಿ ಮುಚ್ಚಿ, ನಾಲ್ಕನೆಯದರೊಳಗೆ ತೊಳೆದ ಹೆಬ್ಬೆರಳಿಟ್ಟು ಯಂತ್ರ ಚಾಲೂ ಮಾಡಿ. ಬೆರಳನ್ನು ಸ್ಪಷ್ಟವಾಗಿ ಅಮುಕಿ ಬಿಡಬೇಕು. ಗಡಿಯಾರ ನೋಡುತ್ತ ಎಣಿಸಿ, ನಿಮಿಷಕ್ಕೆ 60ರ ಆಸುಪಾಸು ಇರಬೇಕು. ನಾಲ್ಕೂ ಕಪ್ಪಿಗೆ ಹೀಗೆ ಮಾಡಿ. ಪಲ್ಸೇಟರಿಗೆ ಎಣ್ಣೆ ಬಿಡಬೇಡಿ, ಧೂಳು ಇನ್ನಷ್ಟು ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ. ಹಿಂಡಿ, ಬೂಸಾ ಕಲಸುವ ಜಾಗದಿಂದ ದೂರವಿಡಿ.

7. "ಪಂಪಿಗೆ ಯಾವ ಎಣ್ಣೆಯಾದರೂ ನಡೆಯುತ್ತೆ"

ಎಣ್ಣೆ ಬಟ್ಟಲು ಇರುವ ಪಂಪಿಗೆ ಕಂಪನಿ ಹೇಳಿದ ಎಣ್ಣೆಯೇ ಬೇಕು. ಅಡುಗೆ ಎಣ್ಣೆ ಬಿಸಿಗೆ ಅಂಟಾಗುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ. ಎಣ್ಣೆ ಬೇಡದ ಪಂಪುಗಳೂ ಇವೆ. ಅದಕ್ಕೆ ಎಣ್ಣೆ ಹಾಕಿದರೆ ಒಳಗಿನ ಕಾರ್ಬನ್ ಪಟ್ಟಿಗಳು ಅಂಟಿಕೊಂಡು ಪಂಪೇ ಹಾಳಾಗುತ್ತದೆ. ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿದುಕೊಳ್ಳಿ. ಧೂಳು ಬೀಳದಿರಲೆಂದು ಓಡುತ್ತಿರುವ ಮೋಟರಿಗೆ ಗೋಣಿಚೀಲ ಹೊದಿಸಬೇಡಿ, ಬಿಸಿ ಹೊರಹೋಗದೆ ಸುಟ್ಟುಹೋಗುತ್ತದೆ. ಕ್ಯಾನ್ ತುಂಬಿ ಹಾಲು ಪಂಪಿನ ಕಡೆ ಹೋದರೆ ತಕ್ಷಣ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿ.

8. "ಯಂತ್ರದ ಉಸಾಬರಿ ಗಂಡಸರದ್ದು, ಕೆಟ್ಟಾಗ ನೋಡಿಕೊಳ್ತಾರೆ"

ದಿನಕ್ಕೆ ಎರಡು ಬಾರಿ ಆ ಯಂತ್ರದ ಶಬ್ದ ಕೇಳುವವರು ನೀವು. ಹಸು ಕಾಲೆತ್ತಿದ್ದು, ಕಪ್ಪು ತೆಗೆದಾಗ ಮೊಲೆ ಕೆಂಪಾಗಿದ್ದು ಅಥವಾ ನೀಲಿಯಾಗಿದ್ದು, ಐದು ನಿಮಿಷದ ಕೆಲಸ ಎಂಟು ನಿಮಿಷವಾಗಿದ್ದು ಮೊದಲು ಗೊತ್ತಾಗುವುದು ನಿಮಗೆ. ಯಂತ್ರ ಒಂದೇ ದಿನಕ್ಕೆ ಕೆಡುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಮೇಲೆ ಹೇಳಿದ ಹೆಚ್ಚಿನ ತಪಾಸಣೆಗೆ ಸ್ಪ್ಯಾನರ್ ಕೂಡ ಬೇಕಿಲ್ಲ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೆಲಸ. ಅರ್ಥಿಂಗ್ ಸರಿಯಿಲ್ಲದಿದ್ದರೆ ನಮಗೆ ತಿಳಿಯದಷ್ಟು ಸಣ್ಣ ಕರೆಂಟೂ ಹಸುವಿಗೆ ತಾಗುತ್ತದೆ, ಅದು ಸೊರೆ ಬಿಡುವುದಿಲ್ಲ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಳ್ಳಿ

ಪ್ರತಿ ಹೊತ್ತು: ಗೇಜಿನ ಅಂಕಿ ನೋಡುವುದು, ಮೊದಲ ಧಾರೆ ಪರೀಕ್ಷೆ, ಕರೆದ ಕೂಡಲೇ ಉಗುರುಬೆಚ್ಚಗಿನ ನೀರು, ನಂತರ ಬಿಸಿನೀರು ಮತ್ತು ಪುಡಿ, ಕೊನೆಗೆ ಶುದ್ಧ ನೀರು.
ಪ್ರತಿ ದಿನ: ಪಂಪಿನ ಎಣ್ಣೆಯ ಮಟ್ಟ (ಎಣ್ಣೆ ಪಂಪಾದರೆ).
ವಾರಕ್ಕೊಮ್ಮೆ: ಹೆಬ್ಬೆರಳ ಪರೀಕ್ಷೆ, ಆಮ್ಲದ ತೊಳೆತ, ರೆಗ್ಯುಲೇಟರ್ ಜಾಲರಿ, ಪಲ್ಸೇಟರ್ ಒರೆಸುವುದು.
ತಿಂಗಳಿಗೊಮ್ಮೆ: ಪ್ಲಗ್ ತೆಗೆದು ಬೆಲ್ಟಿನ ಬಿಗಿ; ಮೊಬೈಲ್ ಟಾರ್ಚ್ ಹಿಡಿದು ಲೈನರಿನ ಒಳಮೈ, ಕೊಳವೆಗಳ ಸೀಳು.
6 ತಿಂಗಳಿಗೆ ಅಥವಾ 2,500 ಕರೆತಕ್ಕೆ: ನಾಲ್ಕೂ ಲೈನರ್ ಹೊಸದು.
ವರ್ಷಕ್ಕೊಮ್ಮೆ: ಮೆಕ್ಯಾನಿಕ್‌ನಿಂದ ಪೂರ್ತಿ ಸರ್ವಿಸ್.

ಲೈನರಿನ ಖರ್ಚಿಗೆ ಪ್ರತಿ ಬಟವಾಡೆಯಲ್ಲೂ ಸ್ವಲ್ಪ ತೆಗೆದಿಟ್ಟರೆ ಆರು ತಿಂಗಳಿಗೆ ಭಾರ ಅನ್ನಿಸುವುದಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಒಂದೇ ಜಾಗದ ಮೊಲೆಗೆ ಎರಡನೇ ಸಲ ಬಾವು ಬಂದಿದ್ದರೆ, ಔಷಧಿಯ ಜೊತೆಗೆ ಯಂತ್ರವನ್ನೂ ತೋರಿಸಿ. ಸಂಘದ ಕಾರ್ಯದರ್ಶಿಯವರ ಮೂಲಕ ನಮ್ಮ ಪಶುವೈದ್ಯರಿಗೆ ತಿಳಿಸಿದರೆ, ಹಸು ನೋಡಲು ಬಂದಾಗ ಯಂತ್ರವನ್ನೂ ನಿಮ್ಮೆದುರಿಗೇ ನೋಡುತ್ತೇವೆ. ಲೈನರ್ ಬದಲಾಯಿಸಿದ ತಾರೀಖು ಬರೆದ ಕ್ಯಾಲೆಂಡರ್ ಅಂದು ಕೈಗೆ ಸಿಗುವಂತಿರಲಿ.